ಗಾಳಿಯ ಲೆಕ್ಕಕ್ಕಾಗಿ ಹುಟ್ಟಿದ ಕಂಪ್ಯೂಟರ್

1986ರ ಡಿಸೆಂಬರಿನಲ್ಲಿ ಬೆಂಗಳೂರಿನ ವಿಮಾನ ಸಂಶೋಧನಾಲಯ ಎನ್‌ಎಎಲ್‌ನಲ್ಲಿ ಒಂದು ಕಂಪ್ಯೂಟರ್ ಕೆಲಸ ಶುರುಮಾಡಿತು. ಅದರಲ್ಲಿ ಇದ್ದದ್ದು ನಾಲ್ಕು ಪ್ರೊಸೆಸರ್‌ಗಳು: ಪ್ರತಿಯೊಂದರಲ್ಲೂ ಇಂಟೆಲ್ 8086 ಚಿಪ್, ಗಣಿತಕ್ಕೆ ಜೊತೆಗೊಂದು 8087. ಆ ಕಾಲದ ಪರ್ಸನಲ್ ಕಂಪ್ಯೂಟರ್‌ಗಳ ಜಾತಿಗೇ ಸೇರಿದ ಸರಕು. ಆದರೆ ನಾಲ್ಕೂ ಒಂದೇ ಲೆಕ್ಕವನ್ನು ಹಂಚಿಕೊಂಡು ಏಕಕಾಲಕ್ಕೆ ಬಿಡಿಸುತ್ತಿದ್ದವು. ದೇಶದಲ್ಲಿ ಹಾಗೆ ಕೆಲಸ ಮಾಡಿದ ಮೊದಲ ಯಂತ್ರ ಅದು, ಹೆಸರು ಫ್ಲೋಸಾಲ್ವರ್. ಸ್ವದೇಶಿ ಸೂಪರ್ ಕಂಪ್ಯೂಟರ್ ಎಂದರೆ ಎಲ್ಲರ ಬಾಯಲ್ಲೂ ಬರುವುದು ಪುಣೆಯ ಪರಮ್. ಪರಮ್ 8000 ಬಂದದ್ದು 1991ರಲ್ಲಿ. ಅದಕ್ಕೂ ಮೊದಲಿನ ಈ ಯಂತ್ರವನ್ನು ಕಟ್ಟಿದ್ದು ಗಾಳಿಯ ಹರಿವನ್ನು ಅಭ್ಯಾಸ ಮಾಡುತ್ತಿದ್ದ ಜನ. ಅವರಿಗೆ ಉತ್ತರ ಬೇಕಿತ್ತು, ಅದಕ್ಕೇ ಕಟ್ಟಿಕೊಂಡರು.

ಇದರ ಬೇರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. 1951ರಲ್ಲಿ ಅಲ್ಲಿಗೆ ಬಂದ ಸತೀಶ್ ಧವನ್ ಶಬ್ದಕ್ಕಿಂತ ವೇಗವಾಗಿ ಗಾಳಿ ಹಾಯಿಸುವ ಪುಟ್ಟ ಸುರಂಗ ಕಟ್ಟಿದರು. 1967ರಲ್ಲಿ ಎನ್‌ಎಎಲ್‌ನಲ್ಲಿ 1.2 ಮೀಟರಿನ ದೊಡ್ಡ ಸುರಂಗ ತಲೆಯೆತ್ತಿತು. ಧವನ್ ಶಿಷ್ಯ ರೊದ್ದಂ ನರಸಿಂಹ ಬೆಂಗಳೂರಿನ ಹುಡುಗ, ತಂದೆ ಆರ್.ಎಲ್. ನರಸಿಂಹಯ್ಯ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತ ಕನ್ನಡದಲ್ಲಿ ವಿಜ್ಞಾನ ಬರೆದವರು. ಕ್ಯಾಲ್ಟೆಕ್‌ನಲ್ಲಿ ಡಾಕ್ಟರೇಟ್ ಮುಗಿಸಿ ಊರಿಗೆ ಮರಳಿದ ನರಸಿಂಹ 1984ರಲ್ಲಿ ಎನ್‌ಎಎಲ್ ನಿರ್ದೇಶಕರಾದರು.

ಗಾಳಿ ಹೇಗೆ ಹರಿಯುತ್ತದೆಂದು ಹೇಳುವ ಸಮೀಕರಣಗಳನ್ನು ಆಯ್ಲರ್ 18ನೇ ಶತಮಾನದಲ್ಲೇ ಬರೆದಿಟ್ಟಿದ್ದ. ಕಷ್ಟವಿರುವುದು ಬಿಡಿಸುವುದರಲ್ಲಿ. ಶಬ್ದವೇಗ ಮೀರಿದ ವಿಮಾನದ ಮುಂದೆ ಗಾಳಿ ಒತ್ತಿಕೊಂಡು ಆಘಾತ ತರಂಗ ಏಳುತ್ತದೆ. ನೆಲಮಟ್ಟದ ಗಾಳಿಯಲ್ಲಿ ಬಲವಾದ ತರಂಗದ ದಪ್ಪ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಅಷ್ಟರೊಳಗೆ ಒತ್ತಡ, ಸಾಂದ್ರತೆ, ಉಷ್ಣತೆ ಮೂರೂ ಜಿಗಿಯುತ್ತವೆ. ಕಂಪ್ಯೂಟರಿನಲ್ಲಿ ಜಾಗವನ್ನು ಕತ್ತರಿಸಿಕೊಳ್ಳುವ ಚೌಕಗಳು ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡವು. ಎರಡು ಮಗ್ಗುಲಿನ ಚೌಕಗಳ ಸರಾಸರಿ ಹಿಡಿದು ಸಾಗಿದರೆ ಜಿಗಿತದ ಬಳಿ ಅಂಕಿಗಳು ಓಲಾಡಿ ಲೆಕ್ಕವೇ ಕುಸಿಯುತ್ತದೆ. ಹರಿವಿನ ಬದಲಾವಣೆಯ ಸಂಕೇತ ಯಾವ ಕಡೆಯಿಂದ ಬರುತ್ತಿದೆಯೋ ಆ ಕಡೆಯ ಚೌಕದ ಅಂಕಿಯನ್ನೇ ಹಿಡಿಯಬೇಕು. ಆದರೆ ಕಡೆ ಯಾವುದೆಂದು ತಿಳಿಯುವುದು ಹೇಗೆ?

ಟಾಟಾ ಇನ್‌ಸ್ಟಿಟ್ಯೂಟಿನ ಎಸ್.ಎಂ. ದೇಶಪಾಂಡೆ 1980ರ ದಶಕದಲ್ಲಿ ಇದಕ್ಕೆ ಕೊಟ್ಟ ಉತ್ತರ ನನಗೆ ಈ ಇಡೀ ಕಥೆಯ ಅತ್ಯಂತ ಸುಂದರ ಭಾಗ. ಅವರು ಹರಿವನ್ನು ಬಿಟ್ಟು ಅಣುಗಳತ್ತ ಇಳಿದರು. ಬಲಕ್ಕೆ ಓಡುವ ಅಣು ಬಂದದ್ದು ಎಡ ಚೌಕದಿಂದ, ಎಡಕ್ಕೆ ಓಡುವುದು ಬಂದದ್ದು ಬಲ ಚೌಕದಿಂದ. ಇದರಲ್ಲಿ ಗೊಂದಲವೇ ಇಲ್ಲ. ಅಣುಗಳ ಓಟವನ್ನು ಹೇಳುವ ಬೋಲ್ಟ್ಸ್‌ಮನ್ ಸಮೀಕರಣದಲ್ಲಿ ಈ ಎರಡು ಗುಂಪನ್ನು ಬೇರೆ ಬೇರೆ ಲೆಕ್ಕ ಹಾಕಿ ಕೂಡಿದರೆ, ದಿಕ್ಕು ಅರಿತ ಆಯ್ಲರ್ ಲೆಕ್ಕ ತಾನಾಗಿಯೇ ಕೈಗೆ ಬರುತ್ತದೆ. ಕೈನೆಟಿಕ್ ಫ್ಲಕ್ಸ್ ವೆಕ್ಟರ್ ಸ್ಪ್ಲಿಟಿಂಗ್ ಎಂಬ ಹೆಸರಿನಲ್ಲಿ ಈ ವಿಧಾನ ಪ್ರಪಂಚಕ್ಕೆಲ್ಲ ಗೊತ್ತು. ಮುಂದೆ ಅವರೂ ಶಿಷ್ಯರೂ ಚೌಕಗಳನ್ನೇ ಕೈಬಿಟ್ಟು ಬರೀ ಬಿಂದುಗಳ ಮೇಲೆ ಲೆಕ್ಕ ಹಾಕುವ ದಾರಿಯನ್ನೂ ತೆರೆದರು.

ವಿಧಾನವಿದ್ದರೂ ಯಂತ್ರ ಬೇಕಲ್ಲ. ಅಮೆರಿಕದ ಕ್ರೇ ಕಂಪ್ಯೂಟರಿಗಾಗಿ ಭಾರತ ಕೇಳುತ್ತಲೇ ಇತ್ತು, ಬೇರೆ ಕೆಲಸಕ್ಕೆ ಬಳಸಿಯಾರೆಂಬ ಅನುಮಾನ ಅತ್ತ ಕಡೆ ತೀರಲಿಲ್ಲ. ಎನ್‌ಎಎಲ್‌ನಲ್ಲಿ ಯು.ಎನ್. ಸಿನ್ಹಾ ಅವರ ತಂಡ ಕಾಯುತ್ತ ಕೂರಲಿಲ್ಲ. ನಾಟಿಯ ಗದ್ದೆಯನ್ನು ನಾಲ್ಕು ಆಳಿಗೆ ಪಾಲು ಮಾಡಿದಂತೆ ಹರಿವಿನ ಜಾಗವನ್ನು ನಾಲ್ಕು ಪ್ರೊಸೆಸರ್‌ಗಳಿಗೆ ಹಂಚಿದರು. ಪ್ರತಿ ಹೆಜ್ಜೆಯ ಕೊನೆಗೆ ಗಡಿಯ ಅಂಕಿಗಳಷ್ಟೇ ವಿನಿಮಯ. ಈ ವಿನಿಮಯಕ್ಕೆ ಹಿಡಿಯುವ ಸಮಯ ಉಳಿತಾಯವನ್ನೆಲ್ಲ ನುಂಗದಂತೆ ನೋಡಿಕೊಳ್ಳುವುದೇ ನಿಜವಾದ ಸವಾಲು.

ಕೊನೆಗೆ ಕ್ರೇ ಬಂತು, ದೆಹಲಿಯ ಹವಾಮಾನ ಮುನ್ಸೂಚನೆಗೆಂದು, ಷರತ್ತುಗಳ ಸಮೇತ. ಹವಾಮಾನವೂ ಗಾಳಿಯ ಹರಿವೇ ತಾನೆ; ಅಲ್ಲಿ ಓಡುತ್ತಿದ್ದ ಟಿ-80 ಹವಾಮಾನ ಮಾದರಿಯನ್ನು 1990ರ ದಶಕದಲ್ಲಿ ಸಿನ್ಹಾ ತಂಡ ಫ್ಲೋಸಾಲ್ವರ್ ಮೇಲೂ ಓಡಿಸಿ ತೋರಿಸಿತು. ಆ ಮಾದರಿಯಲ್ಲಿ ಒಂದು ಚೌಕದ ಅಗಲ ಸುಮಾರು 150 ಕಿಲೋಮೀಟರ್. ಕಾಫಿ ಗಿಡಕ್ಕೆ ಹೂಮಳೆ ಕಾಯುವ ಬೇಲೂರು ಸೀಮೆಯ ಗೆಂಡೆಹಳ್ಳಿಯೂ, ತೆಂಗಿಗೆ ನೀರು ಹೊಂದಿಸುವ ಅರಸೀಕೆರೆಯೂ ಒಂದೇ ಚೌಕದಲ್ಲಿ ಹಿಡಿಸಿಬಿಡುವಷ್ಟು ಅಗಲ. ದೇಶದ ಮುನ್ಸೂಚನೆಯ ಮಾದರಿಗಳು ಮುಂದೆ 12 ಕಿಲೋಮೀಟರಿನ ಆಸುಪಾಸಿಗೆ ಇಳಿದವು. 2025ರ ಮೇ ತಿಂಗಳಲ್ಲಿ 6 ಕಿಲೋಮೀಟರಿನದೂ ಬಂತು. ಚೌಕದ ಅಗಲ ಅರ್ಧವಾದರೆ ಚೌಕಗಳ ಸಂಖ್ಯೆ ನಾಲ್ಕು ಪಟ್ಟು, ಕಾಲದ ಹೆಜ್ಜೆಯೂ ಅರ್ಧ. ಲೆಕ್ಕ ಎಂಟು ಪಟ್ಟಾಗುತ್ತದೆ. ಅಷ್ಟನ್ನೂ ಇಂದಿಗೂ ಸಾವಿರಾರು ಪ್ರೊಸೆಸರ್‌ಗಳು ಪಾಲು ಹಂಚಿಕೊಂಡೇ ಬಿಡಿಸುತ್ತವೆ.