ಉಗಿಯ ಕೊಳವೆಗೆ ಬೆಸುಗೆಯ ವಾಲ್ವೋ, ಫ್ಲೇಂಜಿನ ವಾಲ್ವೋ?

ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಭತ್ತವು ಕುಚ್ಚಲಕ್ಕಿಯಾಗುವುದಕ್ಕೂ, ಗೇರುಬೀಜವು ಒಡೆಯುವ ಹದಕ್ಕೆ ಬರುವುದಕ್ಕೂ ಉಗಿಯು ಬೇಕು. ಹಿಂದೆ ಮನೆಮನೆಯ ಹಂಡೆಯಲ್ಲಿ ನಡೆಯುತ್ತಿದ್ದ ಈ ಕೆಲಸವು ಈಗ ಬಹುಮಟ್ಟಿಗೆ ಬಾಯ್ಲರುಳ್ಳ ಗಿರಣಿಗಳಿಗೆ ಸೇರಿದೆ. ಹಲವರು ಭೂಮಾಲೀಕರು ಒಟ್ಟುಗೂಡಿ ಇಂತಹ ಗಿರಣಿಯನ್ನು ಸ್ಥಾಪಿಸುವುದುಂಟು. ಅವರು ಬಾಯ್ಲರಿನ ಬೆಲೆಯನ್ನು ಕೂಲಂಕಷವಾಗಿ ವಿಚಾರಿಸುತ್ತಾರೆ. ಉಗಿಯನ್ನು ಬಿಡುವ ಮತ್ತು ತಡೆಯುವ ವಾಲ್ವಿನ ವಿಷಯವನ್ನಾದರೋ ಕೆಲಸಗಾರನ ಇಷ್ಟಕ್ಕೇ ಬಿಟ್ಟುಬಿಡುತ್ತಾರೆ. ಇದು ಸರಿಯಲ್ಲ. ವಾಲ್ವು ಕೆಟ್ಟು ಎರಡು ದಿನ ಉಗಿ ನಿಂತರೆ ತೊಟ್ಟಿಯಲ್ಲಿ ನೆನೆದ ಭತ್ತವು ಹುಳಿತು ನಾರುತ್ತದೆ. ಮುಚ್ಚಿದ ವಾಲ್ವು ಒಳಗೊಳಗೇ ಸೋರಿದರೆ, ಬೇಯಿಸುವ ಪಾತ್ರೆಯನ್ನು ತೆರೆದು ಬಾಗಿದ ಆಳಿನ ಪ್ರಾಣಕ್ಕೇ ಅಪಾಯವುಂಟು.

ಮೊದಲು ಉಗಿಯ ಸ್ವಭಾವವನ್ನು ತಿಳಿಯೋಣ. ತೆರೆದ ಪಾತ್ರೆಯಲ್ಲಿ ನೀರು ೧೦೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆ. ಬಾಯ್ಲರಿನ ಮಾಪಕವು ಚದರ ಸೆಂಟಿಮೀಟರಿಗೆ ೭ ಕಿಲೋಗ್ರಾಂ ಒತ್ತಡವನ್ನು ತೋರಿಸುವಾಗ ಉಗಿಯ ಉಷ್ಣತೆಯು ಸುಮಾರು ೧೭೦ ಡಿಗ್ರಿಯಾಗಿರುತ್ತದೆ. ೩೦ ಡಿಗ್ರಿಯಲ್ಲಿದ್ದ ೧೦ ಮೀಟರ್ ಉದ್ದದ ಉಕ್ಕಿನ ಕೊಳವೆಯು ಈ ಶಾಖಕ್ಕೆ ಸುಮಾರು ೧೭ ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಬೆಂಕಿ ಆರಿದೊಡನೆ ಮತ್ತೆ ಕುಗ್ಗುತ್ತದೆ. ಬೆಳಿಗ್ಗೆ ಹೊತ್ತಿಸಿ ಸಂಜೆ ಆರಿಸುವ ಗಿರಣಿಯಲ್ಲಿ ಈ ಎಳೆದಾಟವು ದಿನವೂ ತಪ್ಪದು. ಅದರ ಪೆಟ್ಟು ಬೀಳುವುದು ಕೀಲುಗಳ ಮೇಲೆ.

ಫ್ಲೇಂಜಿನ ವಾಲ್ವಿಗೆ ಎರಡು ತುದಿಗಳಲ್ಲಿಯೂ ತಟ್ಟೆಯಂತಹ ಅಂಚುಗಳಿರುತ್ತವೆ. ಕೊಳವೆಯ ಅಂಚಿಗೂ ಇದಕ್ಕೂ ನಡುವೆ ಗ್ಯಾಸ್ಕೆಟ್ಟನ್ನಿಟ್ಟು ಬೋಲ್ಟುಗಳಿಂದ ಬಿಗಿಯುತ್ತಾರೆ. ಕೆಟ್ಟ ದಿನ ಬೋಲ್ಟು ಬಿಚ್ಚಿ ವಾಲ್ವನ್ನು ಹೊರತೆಗೆದು, ಇನ್ನೊಂದನ್ನು ಕೂರಿಸಿ, ಅಂದೇ ಕೆಲಸವನ್ನು ಮುಂದುವರಿಸಬಹುದು. ಇದೇ ಇದರ ಮುಖ್ಯ ಗುಣ. ಆದರೆ ಹಿಗ್ಗುವಿಕೆ ಕುಗ್ಗುವಿಕೆಗಳಿಂದ ಬೋಲ್ಟುಗಳು ಸಡಿಲವಾಗುತ್ತವೆ, ಗ್ಯಾಸ್ಕೆಟ್ಟು ಸವೆಯುತ್ತದೆ, ಸೋರಿಕೆಯು ಆರಂಭವಾಗುತ್ತದೆ. ಮಂಗಳೂರಿನ ಉಪ್ಪುಗಾಳಿಯಲ್ಲಿಯೂ ಮಳೆಗಾಲದ ತೇವದಲ್ಲಿಯೂ ಬೋಲ್ಟುಗಳಿಗೆ ತುಕ್ಕು ಬೇಗನೆ ಹಿಡಿಯುತ್ತದೆ.

ಬೆಸುಗೆಯ ವಾಲ್ವನ್ನು ಕೊಳವೆಗೇ ಕರಗಿಸಿ ಕೂಡಿಸುವುದರಿಂದ ಅಲ್ಲಿ ಗ್ಯಾಸ್ಕೆಟ್ಟೂ ಇಲ್ಲ, ಬೋಲ್ಟೂ ಇಲ್ಲ. ಬೆಸುಗೆಯು ಉತ್ತಮವಾಗಿದ್ದರೆ ಆ ಕೀಲು ಸೋರದು, ತೂಕವೂ ಕಡಿಮೆ. ಸಾಮಾನ್ಯವಾಗಿ ೫೦ ಮಿಲಿಮೀಟರ್ ವರೆಗಿನ ಸಣ್ಣ ಕೊಳವೆಯನ್ನು ವಾಲ್ವಿನ ಕುಳಿಯೊಳಗೆ ಸೇರಿಸಿ ಬೆಸೆಯುತ್ತಾರೆ. ದೊಡ್ಡದನ್ನು ತುದಿಗೆ ತುದಿ ಕೂಡಿಸಿ ಬೆಸೆಯುತ್ತಾರೆ. ವಿದ್ಯುದಾಗಾರಗಳ ಅಧಿಕ ಒತ್ತಡದ ಕೊಳವೆಗಳಿಗೆ ಈ ಕ್ರಮವೇ ಹೆಚ್ಚಾಗಿ ಬಳಕೆಯಲ್ಲಿದೆ. ಇದರ ದೋಷವೇನೆಂದರೆ, ಕೆಟ್ಟ ವಾಲ್ವನ್ನು ಕೊಳವೆಯಿಂದ ಕತ್ತರಿಸಿಯೇ ತೆಗೆಯಬೇಕು. ಹೊಸದನ್ನು ಕೂರಿಸಲು ಅರ್ಹತಾಪತ್ರವುಳ್ಳ ಬೆಸುಗೆಗಾರನೇ ಬರಬೇಕು. ಸುಗ್ಗಿಯ ಕಾಲದಲ್ಲಿ, ಹಳ್ಳಿಯ ಗಿರಣಿಗೆ ಅಂಥವನು ಕೂಡಲೇ ದೊರೆಯುವನೆಂಬ ಭರವಸೆಯಿಲ್ಲ. ಮೇಲ್ಮುಚ್ಚಳವನ್ನು ಬಿಚ್ಚಿ ಒಳಭಾಗಗಳನ್ನು ಬದಲಾಯಿಸಬಹುದಾದ ವಾಲ್ವನ್ನು ಕೊಂಡರೆ ಈ ತೊಂದರೆಯು ಬಹಳಮಟ್ಟಿಗೆ ಕಡಿಮೆಯಾಗುತ್ತದೆ.

ಹಾಗಾದರೆ ಯಾವುದನ್ನು ಆರಿಸಬೇಕು? ಕುಚ್ಚಲಕ್ಕಿಯ ಮತ್ತು ಗೇರುಬೀಜದ ಗಿರಣಿಗಳಲ್ಲಿ ಒತ್ತಡವು ವಿದ್ಯುದಾಗಾರಗಳಷ್ಟು ಅಧಿಕವಾಗಿರುವುದಿಲ್ಲ. ಆದುದರಿಂದ ಬಾಯ್ಲರಿನ ಮುಖ್ಯ ವಾಲ್ವು, ಬೇಯಿಸುವ ಪಾತ್ರೆಗಳ ಬಳಿಯ ವಾಲ್ವುಗಳು, ಅಂದರೆ ದಿನವೂ ತಿರುಗಿಸಿ ಬೇಗ ಸವೆಯುವಂಥವು, ಫ್ಲೇಂಜಿನವಾಗಿರುವುದು ಲೇಸು. ನಡುವಿನ ಉದ್ದ ಕೊಳವೆಯ ಕೀಲುಗಳನ್ನು ಬೆಸೆದುಬಿಡಬಹುದು. ಮಾಡಿನ ಕೆಳಗೆ ಎತ್ತರದಲ್ಲಿ ಹಾದುಹೋಗುವ, ಕೈಗೆಟುಕದ, ಅಪರೂಪವಾಗಿ ಮುಟ್ಟುವ ಸಣ್ಣ ವಾಲ್ವುಗಳಿಗೂ ಬೆಸುಗೆಯೇ ಯೋಗ್ಯ. ಬಿಚ್ಚಬೇಕಾದ ಕಡೆ ಫ್ಲೇಂಜು, ಬಿಚ್ಚಬೇಕಿಲ್ಲದ ಕಡೆ ಬೆಸುಗೆ ಎಂಬಿಷ್ಟನ್ನು ನೆನಪಿನಲ್ಲಿಟ್ಟರೆ ಸಾಕು.

ಯಾವ ಬಗೆಯನ್ನು ಆರಿಸಿದರೂ ಈ ಕೆಳಗಿನ ಎಚ್ಚರಿಕೆಗಳು ಅವಶ್ಯ:

೧. ಬೋಲ್ಟುಗಳನ್ನು ಒಂದು ಪಕ್ಕದಿಂದ ಸಾಲಾಗಿ ಬಿಗಿಯದೆ, ಎದುರುಬದುರಾಗಿ, ಸ್ವಲ್ಪಸ್ವಲ್ಪವಾಗಿ ಬಿಗಿಯತಕ್ಕದ್ದು. ಒತ್ತಡವಿರುವಾಗ ಯಾವ ಬೋಲ್ಟನ್ನೂ ಸಡಿಲಿಸಕೂಡದು.

೨. ಹಳೆಯ ಗ್ಯಾಸ್ಕೆಟ್ಟು ಕಲ್ನಾರಿನದಾಗಿರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ, ಒಣಗಿದ್ದಾಗ ಕೆರೆಯಬಾರದು. ಹೊಸದಾಗಿ ಗ್ರಾಫೈಟಿನದನ್ನು ಹಾಕುವುದು ಉತ್ತಮ.

೩. ತಣ್ಣಗಿನ ಕೊಳವೆಯಲ್ಲಿ ನೀರು ನಿಂತಿರುತ್ತದೆ. ವಾಲ್ವನ್ನು ಒಮ್ಮೆಲೇ ತೆರೆದರೆ ಉಗಿಯು ಆ ನೀರನ್ನು ಸುತ್ತಿಗೆಯಂತೆ ಬಡಿಸಿ ವಾಲ್ವನ್ನೇ ಒಡೆದೀತು. ನೀರನ್ನು ಹೊರಬಿಟ್ಟು, ಮೆಲ್ಲಮೆಲ್ಲನೆ ತೆರೆಯತಕ್ಕದ್ದು. ಕೊಳವೆಯು ಉಗಿ ಹರಿಯುವ ದಿಕ್ಕಿಗೆ ಸ್ವಲ್ಪ ಇಳಿಜಾರಾಗಿರಲಿ. ಹಿಗ್ಗುವುದಕ್ಕೆ ಎಡೆಕೊಡುವ ಬಾಗುಗಳೂ ಇರಲಿ.

೪. ಹಳೆಯ ಗಿರಣಿಯಿಂದ ಕಳಚಿದ, ಒತ್ತಡದ ಗುರುತು ಅಳಿಸಿಹೋದ ವಾಲ್ವನ್ನು ಅಗ್ಗವೆಂದು ಕೊಳ್ಳಬಾರದು. ಪ್ರಮಾಣಪತ್ರವನ್ನು ಕೇಳಿ ಪಡೆಯಿರಿ.

೧೯೨೩ರ ಬಾಯ್ಲರ್ ಕಾಯಿದೆಯ ಸ್ಥಾನದಲ್ಲಿ ಈಗ ೨೦೨೫ರ ಕಾಯಿದೆಯು ಜಾರಿಯಲ್ಲಿದೆ. ಬಾಯ್ಲರಿಗೆ ಸೇರಿದ ಉಗಿಯ ಕೊಳವೆಗಳನ್ನೂ ವಾಲ್ವುಗಳನ್ನೂ ಬದಲಾಯಿಸುವ ಮುನ್ನ ಬಾಯ್ಲರ್ ಇಲಾಖೆಯ ಅಧಿಕಾರಿಗಳನ್ನು ವಿಚಾರಿಸುವುದು ಮಾಲೀಕರ ಕರ್ತವ್ಯ.

ಮಳೆಗಾಲದಲ್ಲಿ ಗಿರಣಿಗೆ ಬಿಡುವಿದ್ದಾಗಲೇ ಪ್ರತಿಯೊಂದು ವಾಲ್ವನ್ನೂ ಬಿಚ್ಚಿ ನೋಡಿ, ತುಕ್ಕು ತೆಗೆದು, ಒಂದೆರಡು ಗ್ಯಾಸ್ಕೆಟ್ಟುಗಳನ್ನೂ ಒಂದು ಹೆಚ್ಚಿನ ವಾಲ್ವನ್ನೂ ಉಗ್ರಾಣದಲ್ಲಿರಿಸಿಕೊಂಡ ಮಾಲೀಕನಿಗೆ ಸುಗ್ಗಿಯಲ್ಲಿ ಚಿಂತೆಯಿಲ್ಲ. ಗ್ರಾಮದ ಮುಖಂಡರು ತಮ್ಮ ಊರಿನ ಗಿರಣಿಗೆ ಒಮ್ಮೆ ಹೋಗಿ, ಯಾವ ವಾಲ್ವು ಎಲ್ಲಿ ಸೋರುತ್ತಿದೆ ಎಂಬುದನ್ನು ಸ್ವತಃ ನೋಡಿ ಬರುವರೆಂದು ಆಶಿಸುತ್ತೇನೆ.