ಹಳೆಯ ರಾಲಿ ಸೈಕಲ್ಲನ್ನು ಅರಸಿ

ನಮ್ಮ ತಂದೆಯವರು ಬೈಲಹೊಂಗಲ ತಾಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದರು. ಅವರಲ್ಲಿ ಕಪ್ಪು ಬಣ್ಣದ ಒಂದು ರಾಲಿ ಸೈಕಲ್ಲಿತ್ತು. ಪ್ರತಿ ಭಾನುವಾರ ಮುಂಜಾನೆ ಅದನ್ನು ಅಂಗಳದಲ್ಲಿ ತಲೆಕೆಳಗಾಗಿ ನಿಲ್ಲಿಸಿ, ಎಣ್ಣೆಯ ಬಟ್ಟೆಯಿಂದ ಗಾಲಿಯ ಕಡ್ಡಿಗಳನ್ನು ಒಂದೊಂದಾಗಿ ಅವರು ಒರೆಸುತ್ತಿದ್ದ ದೃಶ್ಯ ನನ್ನ ಬಾಲ್ಯದ ಮೊದಲ ನೆನಪುಗಳಲ್ಲೊಂದು. 1972ರ ಬರಗಾಲದಲ್ಲಿ ಆ ಸೈಕಲ್ಲನ್ನು ಮಾರಬೇಕಾಯಿತು. ಕೊಂಡವರು ಯಾರು, ಯಾವ ಊರಿನವರು ಎಂಬುದನ್ನು ಅವರು ಎಂದೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

2022ರಲ್ಲಿ ನಾನು ನಿವೃತ್ತನಾದ ಮೇಲೆ ಅಂಥದೇ ಒಂದು ಸೈಕಲ್ಲನ್ನು ಕೊಳ್ಳಬೇಕೆಂಬ ಹಂಬಲ ಹುಟ್ಟಿತು. ಹೊಸ ಸೈಕಲ್ಲು ತಂದುಕೊಡುತ್ತೇವೆಂದು ಮಕ್ಕಳು ಹೇಳಿದರು. ಹೊಸದು ನನಗೆ ಬೇಕಾಗಿರಲಿಲ್ಲ. ಸುಮಾರು ಎರಡು ವರ್ಷ ನಡೆದ ಈ ಹುಡುಕಾಟದಲ್ಲಿ ನಾನು ಒಮ್ಮೆ ಮೋಸಹೋದೆ. ಇನ್ನೊಮ್ಮೆ ಮೋಸಮಾಡುವ ಅಂಚಿನವರೆಗೆ ಹೋದೆ. ಎರಡನ್ನೂ ಇಲ್ಲಿ ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ. ಅಟ್ಟದ ಮೇಲೋ ಕೊಟ್ಟಿಗೆಯಲ್ಲೋ ಅಜ್ಜನ ಕಾಲದ ಸೈಕಲ್ಲನ್ನು ಇಟ್ಟುಕೊಂಡಿರುವ ಮನೆಗಳು ನಮ್ಮಲ್ಲಿ ಇಂದಿಗೂ ಇವೆ. ಕೊಳ್ಳುವವರಿಗೂ ಮಾರುವವರಿಗೂ ಇದು ಉಪಯೋಗಕ್ಕೆ ಬಂದೀತು.

ಇಂಗ್ಲೆಂಡಿನ ನಾಟಿಂಗ್‌ಹ್ಯಾಂ ನಗರದ ಒಂದು ಬೀದಿಯ ಹೆಸರೇ ರಾಲಿ. 1880ರ ದಶಕದ ಕೊನೆಯಲ್ಲಿ ಫ್ರ್ಯಾಂಕ್ ಬೌಡನ್ ಎಂಬವರು ಆ ಬೀದಿಯ ಸಣ್ಣ ಕಾರ್ಖಾನೆಯನ್ನು ಕೊಂಡು ಬೆಳೆಸಿದರು. ಮುಂದೆ ಹಂಬರ್, ರಡ್ಜ್ ಮೊದಲಾದ ಪ್ರತಿಸ್ಪರ್ಧಿ ಹೆಸರುಗಳೂ ಅದೇ ಸಂಸ್ಥೆಯ ಒಡೆತನಕ್ಕೆ ಬಂದವು. ಸ್ವಾತಂತ್ರ್ಯಾನಂತರ, 1950ರ ದಶಕದ ಆರಂಭದಿಂದ, ಪಶ್ಚಿಮ ಬಂಗಾಳದ ಆಸನ್‌ಸೋಲ್‌ನಲ್ಲಿ ಸೆನ್-ರಾಲಿ ಕಾರ್ಖಾನೆ ಭಾರತದಲ್ಲಿಯೇ ಈ ಸೈಕಲ್ಲುಗಳನ್ನು ತಯಾರಿಸಿತು. ಮದ್ರಾಸಿನ ಅಂಬತ್ತೂರಿನಲ್ಲಿ ಟಿ.ಐ. ಸಂಸ್ಥೆಯವರು ಹರ್ಕ್ಯುಲಿಸ್, ಫಿಲಿಪ್ಸ್, ಬಿ.ಎಸ್.ಎ. ಸೈಕಲ್ಲುಗಳನ್ನು ಮಾಡಿದರು. ಆದ್ದರಿಂದ ನಮ್ಮಲ್ಲಿ ದೊರೆಯುವ ಹಳೆಯ ರಾಲಿಗಳಲ್ಲಿ ಎರಡು ಬಗೆ: ಹಡಗಿನಲ್ಲಿ ಬಂದವು ಒಂದು, ಆಸನ್‌ಸೋಲ್‌ನಲ್ಲಿ ಹುಟ್ಟಿದವು ಇನ್ನೊಂದು. ಸಂಗ್ರಾಹಕರು ಮೊದಲನೆಯದಕ್ಕೆ ಹೆಚ್ಚು ಬೆಲೆ ಕೊಡುತ್ತಾರೆ. ಹತ್ತುವವನ ಕಾಲಿಗೆ ಅಷ್ಟೇನೂ ವ್ಯತ್ಯಾಸ ತಿಳಿಯದೆಂಬುದು ನನ್ನ ಅಭಿಪ್ರಾಯ.

ಇನ್ನು ಮೋಸಹೋದ ಪ್ರಸಂಗ. ಒಂದು ನಗರದ ಹಳೆಯ ಸಾಮಾನಿನ ಪೇಟೆಯಲ್ಲಿ ಥಳಥಳಿಸುವ ರಾಲಿಯೊಂದನ್ನು ಕಂಡೆ. ಹೊಳೆಯುವ ಕಪ್ಪು ಬಣ್ಣ, ಚಿನ್ನದ ಗೆರೆಗಳು, ಮುಂಭಾಗದಲ್ಲಿ ಹಿತ್ತಾಳೆಯ ಲಾಂಛನ. ವ್ಯಾಪಾರಿ ಎಂಟು ಸಾವಿರ ಕೇಳಿದ, ಏಳಕ್ಕೆ ಒಪ್ಪಿದ. ಸಂಜೆಯ ಮಬ್ಬು ಬೆಳಕಿನಲ್ಲಿ ಹಣ ಎಣಿಸಿಕೊಟ್ಟೆ. ಮರುದಿನ ನಮ್ಮ ಓಣಿಯ ವೃದ್ಧ ರಿಪೇರಿಯವರು ಅದನ್ನು ಒಮ್ಮೆ ಸುತ್ತು ಹಾಕಿ, “ಲಾಂಛನ ಒಂದೇ ರಾಲಿಯದು, ಉಳಿದದ್ದೆಲ್ಲ ಬೇರೆಯದು” ಎಂದರು. ಸಾಧಾರಣ ಸೈಕಲ್ಲಿಗೆ ಬಣ್ಣ ಬಳಿದು ಲಾಂಛನ ಹೊಡೆದಿದ್ದರು. ಹೊಸ ಬಣ್ಣ ಕಂಡಲ್ಲಿ ಮೊದಲು ಸಂಶಯಪಡಬೇಕೆಂಬುದನ್ನು ಹೀಗೆ ಏಳು ಸಾವಿರ ತೆತ್ತು ಕಲಿತೆ. ಮಾಸಿದ್ದರೂ ಮೂಲ ಬಣ್ಣ ಉಳಿದಿರುವ ಸೈಕಲ್ಲೇ ಹೆಚ್ಚು ಬೆಲೆಯುಳ್ಳದ್ದು. ತುಕ್ಕು ಸುಳ್ಳು ಹೇಳುವುದಿಲ್ಲ.

ಆ ಹಿರಿಯರೇ ಮುಂದೆ ನನಗೆ ಗುರುಗಳಾದರು. ಅಂಗಡಿಯ ಕಟ್ಟೆಯ ಮೇಲೆ ಕುಳಿತು ಅನೇಕ ಸಂಜೆಗಳಲ್ಲಿ ಅವರು ಹೇಳಿಕೊಟ್ಟದ್ದು ಯಾವ ಪುಸ್ತಕದಲ್ಲಿಯೂ ನನಗೆ ದೊರೆತಿರಲಿಲ್ಲ. ನಿಜವಾದ ರಾಲಿಯ ಪೆಡಲಿನ ಹಲ್ಲುಚಕ್ರದಲ್ಲಿ ಕೊಕ್ಕರೆಯ ತಲೆಗಳ ಆಕಾರ ಕೊರೆದಿರುತ್ತದೆ. ಮುಂದಿನ ಫೋರ್ಕಿನ ಭುಜಗಳಿಗೆ ಕ್ರೋಮಿಯಂ ಲೇಪದ ಟೊಪ್ಪಿಗೆಗಳಿರುತ್ತವೆ. ಹಂಬರ್ ಆದರೆ ಫೋರ್ಕಿನ ಒಂದೊಂದು ಕಾಲೂ ಜೋಡಿ ಕೊಳವೆಗಳದ್ದು. ಅದನ್ನು ನಕಲು ಮಾಡುವುದು ಸುಲಭವಲ್ಲ. ಸೀಟಿನ ಕೆಳಗಿನ ಬೆಸುಗೆಯ ಜಾಗದಲ್ಲಿ ಚೌಕಟ್ಟಿನ ಸಂಖ್ಯೆ ಇರಬೇಕು. ಅರದಿಂದ ತೀಡಿದ ಗುರುತಿದ್ದರೆ ಆ ಸೈಕಲ್ಲನ್ನು ಮುಟ್ಟಲೇಬಾರದು, ಕಳವಿನ ಮಾಲಿರಬಹುದು. ಹಿಂದಿನ ಗಾಲಿಯಲ್ಲಿ ಸ್ಟರ್ಮಿ-ಆರ್ಚರ್ ಸಂಸ್ಥೆಯ ಮೂರು ಗೇರಿನ ಹಬ್ಬು ಇದ್ದರಂತೂ ಭಾಗ್ಯವೇ ಸರಿ. ಯುದ್ಧಾನಂತರದ ಆ ಹಬ್ಬುಗಳ ಮೈಮೇಲೆ ತಯಾರಾದ ತಿಂಗಳು ಹಾಗೂ ವರ್ಷವನ್ನು ಅಚ್ಚೊತ್ತಿರುತ್ತಾರೆ. 3 ಮತ್ತು 56 ಎಂಬ ಅಂಕಿಗಳಿದ್ದರೆ ಅದು 1956ರ ಮಾರ್ಚ್ ತಿಂಗಳದ್ದು. ಆದರೆ ಅದು ಹಬ್ಬಿನ ವಯಸ್ಸೇ ಹೊರತು ಸೈಕಲ್ಲಿನದಲ್ಲ, ಗಾಲಿ ಬದಲಾಗಿರಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಚೌಕಟ್ಟು. ಟೈರು, ಚೈನು, ಪೆಡಲು ಇವೆಲ್ಲ ಪೇಟೆಯಲ್ಲಿ ಸಿಗುತ್ತವೆ. 28 ಅಂಗುಲದ ಟೈರು ಹಳ್ಳಿಯ ಅಂಗಡಿಯಲ್ಲಿಯೂ ದೊರೆಯುತ್ತದೆ. ಚೌಕಟ್ಟು ಬಾಗಿದ್ದರೆ ಉಳಿದ ಖರ್ಚೆಲ್ಲ ನೀರಿನಲ್ಲಿ ಹೋಮ. ಇದನ್ನು ಪರೀಕ್ಷಿಸಲು ಒಂದು ದಾರ ಸಾಕು. ಹಿಂದಿನ ಗಾಲಿ ಕೂಡುವ ಎಡತುದಿಗೆ ದಾರದ ಒಂದು ಕೊನೆಯನ್ನು ಕಟ್ಟಿ, ಮುಂದಕ್ಕೆ ತಂದು, ಹ್ಯಾಂಡಲ್ಲಿನ ಕೆಳಗಿನ ಕೊಳವೆಯನ್ನು ಬಳಸಿ, ಬಲತುದಿಗೆ ಮರಳಿ ತಂದು ಬಿಗಿಯಾಗಿ ಕಟ್ಟಬೇಕು. ಸೀಟಿನ ಕೊಳವೆಗೂ ದಾರಕ್ಕೂ ನಡುವಿನ ಅಂತರವನ್ನು ಎರಡೂ ಬದಿಗೆ ಅಳೆದಾಗ ಅದು ಸಮನಾಗಿದ್ದರೆ ಚೌಕಟ್ಟು ನೇರವಾಗಿದೆಯೆಂದು ತಿಳಿಯಬಹುದು. ಬಳಿಕ ಪಕ್ಕದಿಂದ ನೋಡಬೇಕು. ಫೋರ್ಕು ಮೊದಲು ನೇರವಾಗಿ ಇಳಿದು, ತುದಿಯಲ್ಲಿ ಮಾತ್ರ ಮುಂದಕ್ಕೆ ಬಾಗಿರಬೇಕು. ಹಿಂದಕ್ಕೆ ತಳ್ಳಿದಂತಿದ್ದರೆ ಸೈಕಲ್ಲು ಎಂದೋ ಗೋಡೆಗೋ ಗಾಡಿಗೋ ಗುದ್ದಿದೆ. ಮುಂಭಾಗದ ಕೊಳವೆಗಳು ಕೂಡುವಲ್ಲಿ ಕೆಳಬದಿಗೆ ಬೆರಳಾಡಿಸಿದಾಗ ಬಣ್ಣ ಸುಕ್ಕುಗಟ್ಟಿದ್ದು ತಿಳಿದರೂ ಇದೇ ಅರ್ಥ.

ಪೆಡಲಿನ ತೋಳನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ನು ಎಂಬ ಸಣ್ಣ ಬೆಣೆ ಸವೆದರೆ, ತುಳಿದಾಗಲೆಲ್ಲ ಟಕ್ ಎಂಬ ಸದ್ದು ಬರುತ್ತದೆ. ಇದು ಅಲ್ಪ ಖರ್ಚಿನ ರೋಗ. ಆದರೆ ತುಕ್ಕು ಹಿಡಿದ ಪಿನ್ನನ್ನು ಸುತ್ತಿಗೆಯಿಂದ ಬಡಿದು ತೆಗೆಯಲು ಹೋಗಿ ಅಚ್ಚನ್ನೇ ಕೆಡಿಸಿದವರುಂಟು. ಎರಡು ದಿನ ಎಣ್ಣೆ ಬಿಟ್ಟು ಕಾಯುವ ತಾಳ್ಮೆಯಿರಬೇಕು. ನಾಟಿಂಗ್‌ಹ್ಯಾಂನ ರಾಲಿಗಳ ಒಂದು ವಿಚಿತ್ರವನ್ನೂ ಇಲ್ಲಿ ಹೇಳಬೇಕು. ಪೆಡಲಿನ ಅಚ್ಚು ಕೂಡುವ ಜಾಗದಲ್ಲಿ ಅವರು ಅಂಗುಲಕ್ಕೆ 26 ಸುತ್ತಿನ ತಿರುಪನ್ನು ಬಳಸಿದರು, ಇತರರದು 24. ಆ ಬಟ್ಟಲು ಕಳೆದಿದ್ದರೆ ಬೇರೆಯದು ಕೂಡುವುದಿಲ್ಲ, ಬಲವಂತವಾಗಿ ತಿರುಗಿಸಿದರೆ ಚೌಕಟ್ಟೇ ಹಾಳಾಗುತ್ತದೆ.

ಹುಡುಕುವುದೆಲ್ಲಿ? ಮೊಬೈಲಿನ ಜಾಹೀರಾತುಗಳಲ್ಲಿ ಚಿತ್ರ ಚೆನ್ನಾಗಿರುತ್ತದೆ, ದಾರ ಕಟ್ಟಿ ನೋಡಲು ಬರುವುದಿಲ್ಲ. ನನಗೆ ದಾರಿ ತೋರಿದವರು ಹಳ್ಳಿಯ ರಿಪೇರಿಯವರೇ. ಯಾರ ಮನೆಯಲ್ಲಿ ಯಾವ ಸೈಕಲ್ಲು ಎಷ್ಟು ವರ್ಷದಿಂದ ನಿಂತಿದೆ ಎಂಬುದು ಅವರಿಗೆ ಕಂಠಪಾಠ.

ಹೀಗೆಯೇ ಸವದತ್ತಿಯ ಕಡೆಯ ಒಂದು ಹಳ್ಳಿಗೆ ಹೋದೆ. ಎಂಬತ್ತು ದಾಟಿದ ತಾಯಿಯೊಬ್ಬರ ಕೊಟ್ಟಿಗೆಯಲ್ಲಿ, ಹಗ್ಗದಿಂದ ತೊಲೆಗೆ ತೂಗುಹಾಕಿದ ರಾಲಿ ಇತ್ತು. ಮೇಲೆಲ್ಲ ಹೊಟ್ಟು, ಜೇಡರ ಬಲೆ. ಕೆಳಗಿಳಿಸಿ ಒರೆಸಿದಾಗ ಕೊಕ್ಕರೆಗಳು ಕಂಡವು. ಸೀಟಿನ ಹಿಂದೆ ಬ್ರೂಕ್ಸ್ ಎಂಬ ಅಕ್ಷರಗಳು ಕಂಡವು. ದಾರ ಕಟ್ಟಿ ನೋಡಿದೆ. ಎರಡೂ ಬದಿಗೆ ಸಮ. ಸೀಟಿನ ಚೀಲದಲ್ಲಿ ಪುರಸಭೆಯ ಹಳೆಯ ತೆರಿಗೆ ಬಿಲ್ಲೆಯೂ ಇತ್ತು. ನನ್ನ ಕೈ ನಡುಗುತ್ತಿತ್ತೆಂದರೆ ಅತಿಶಯೋಕ್ತಿಯಲ್ಲ.

“ಗುಜರಿಯವ ಐದುನೂರು ಕೊಡತೇನಂದಾನ್ರಿ, ನೀವು ಆರುನೂರು ಕೊಟ್ಟು ಒಯ್ಯಿರಿ” ಎಂದರು ಆ ತಾಯಿ.

ಓದುಗರಲ್ಲಿ ನಿಜವನ್ನೇ ಹೇಳುತ್ತೇನೆ: ನನ್ನ ಕೈ ಜೇಬಿಗೆ ಹೋಯಿತು. ಕೇಳಿದ ಬೆಲೆಗಿಂತ ಕಡಿಮೆ ಕೊಡುತ್ತಿಲ್ಲವಲ್ಲ, ಇದರಲ್ಲಿ ತಪ್ಪೇನು ಎಂದು ಮನಸ್ಸು ವಾದಿಸಿತು. ಹಿಂದೆ ಏಳು ಸಾವಿರ ಕಳೆದುಕೊಂಡಿದ್ದೇನೆ, ಇಲ್ಲಿ ಸರಿದೂಗಿತು ಎಂದೂ ಹೇಳಿತು. ಆಗಲೇ ನೆನಪಾದದ್ದು 1972. ನಮ್ಮ ಅಂಗಳಕ್ಕೂ ಯಾರೋ ಬಂದಿದ್ದರು. ಅದರ ಬೆಲೆ ಬಲ್ಲವರೇ ಬಂದಿದ್ದರೇ? ಎಷ್ಟು ಕೊಟ್ಟರು? ತಂದೆಯವರು ಆ ರಾತ್ರಿ ಊಟ ಮಾಡಲಿಲ್ಲವೆಂಬುದಷ್ಟೇ ನನಗೆ ಗೊತ್ತು.

ಇದು ಗುಜರಿಯ ಮಾಲಲ್ಲ, ಇದರ ಬೆಲೆ ಸಾವಿರಗಳಲ್ಲಿದೆ ಎಂದು ಹೇಳಿದೆ. ಕೂಡಲೇ ಅವರ ಮೊಮ್ಮಗ ಮೊಬೈಲು ತೆಗೆದು ಹುಡುಕಿ ಇಪ್ಪತ್ತೈದು ಸಾವಿರ ಕೇಳಿದ! ನನ್ನ ಪ್ರಾಮಾಣಿಕತೆಯ ಬಗ್ಗೆ ನನಗೇ ಪಶ್ಚಾತ್ತಾಪವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಎರಡು ಸಲ ಬರಿಗೈಯಲ್ಲಿ ಮರಳಿದೆ. ಟೈರು, ಟ್ಯೂಬು, ಪಿನ್ನು, ಬೇರಿಂಗಿನ ಗುಂಡುಗಳಿಗೆ ಆಗುವ ಖರ್ಚನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಮೂರನೆಯ ಸಲ ಒಂಬತ್ತು ಸಾವಿರಕ್ಕೆ ಒಪ್ಪಂದವಾಯಿತು. ಮಾರಿದ ಬಗ್ಗೆ ಒಂದು ಚೀಟಿ ಬರೆಸಿಕೊಂಡೆ. ಹಳೆಯ ರಸೀದಿ ಇಲ್ಲದಿರುವಾಗ ಇದು ಅವಶ್ಯ.

ಹೊರಡುವಾಗ ಆ ತಾಯಿ ಹ್ಯಾಂಡಲ್ಲನ್ನು ಹಿಡಿದು ನಿಂತರು. “ಗಂಟಿ ಮಾತ್ರ ಕೊಡಾಂಗಿಲ್ರಿ. ಓಣಿ ತಿರುವಿನ್ಯಾಗ ಅದು ಬಾರಿಸಿದ್ರ ನಾ ಒಲಿ ಮ್ಯಾಲ ಹಂಚು ಇಡತಿದ್ದೆ” ಎಂದರು. ಮೊಮ್ಮಗ ನಗತೊಡಗಿದ. ನಾನೇ ತಿರುಪು ಬಿಚ್ಚಿ ಗಂಟೆಯನ್ನು ಅವರ ಕೈಯಲ್ಲಿಟ್ಟೆ.

ಸೈಕಲ್ಲನ್ನು ಸರಿಪಡಿಸಲು ಮೂರು ವಾರ ಹಿಡಿಯಿತು. ಬಣ್ಣ ಬಳಿಯಲಿಲ್ಲ, ಸೀಮೆಎಣ್ಣೆಯಿಂದ ತುಕ್ಕು ತೊಳೆದು ಎಣ್ಣೆ ಒರೆಸಿದೆವು, ಅಷ್ಟೇ. ಈಗ ದಿನಾಲೂ ಬೆಳಿಗ್ಗೆ ಅದರ ಮೇಲೆಯೇ ಹಾಲು ತರಲು ಹೋಗುತ್ತೇನೆ. ಪೇಟೆಯಿಂದ ಹೊಸ ಗಂಟೆಯೊಂದನ್ನು ತಂದು ಹಾಕಿದ್ದೇನೆ. ಅದರ ಸದ್ದು ತುಸು ಕೀರಲು, ಆದರೂ ದಾರಿಯ ಜನ ಸರಿಯುತ್ತಾರೆ.