ಒಂದಕ್ಷರ ತಪ್ಪಿದರೆ ಬೇರೆ ಅಂಗಡಿ

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯನ್ನು ನಾವೆಲ್ಲ ಹಟ್ಟಿ ಎಂದೇ ಕರೆಯುತ್ತೇವೆ. ಆದರೆ ಅಲ್ಲಿನ ಚಿನ್ನದ ಗಣಿ ಕಂಪನಿಯ ಇಂಗ್ಲಿಷ್ ಹೆಸರಿನಲ್ಲಿ 'ಎಚ್' ಅಕ್ಷರದ ಮುಂದೆ 'ಎ' ಇಲ್ಲ, 'ಯು' ಇದೆ. ವಿಳಾಸ ಹೀಗಿದ್ದರೂ ಅಂಚೆಯಣ್ಣ ಊಹಿಸಿ ಕಾಗದ ತಲುಪಿಸಿಯಾನು. ಇಂಟರ್‌ನೆಟ್ ವಿಳಾಸದಲ್ಲಿ ಈ ಸೌಲಭ್ಯವಿಲ್ಲ. ಒಂದಕ್ಷರ ತಪ್ಪಿದರೆ ಯಾರದೋ ಬಾಗಿಲಿಗೆ ಹೋಗಿ ನಿಲ್ಲುತ್ತೇವೆ.

ಈ ವಿಳಾಸಕ್ಕೇ ಡೊಮೈನ್ ನೇಮ್ ಎನ್ನುತ್ತಾರೆ. ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. ಅಷ್ಟುದ್ದದ ಅಂಕಿಗಳನ್ನು ನೆನಪಿಡುವವರು ಯಾರು? ಆದ್ದರಿಂದ ಅಂಕಿಗೆ ಬದಲಾಗಿ ಹೆಸರು ಬಳಸುವ ವ್ಯವಸ್ಥೆಯನ್ನು 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ವಿಜ್ಞಾನಿ ರೂಪಿಸಿದರು. ಒಂದು ಹೆಸರು ಜಗತ್ತಿನಲ್ಲಿ ಒಬ್ಬರಿಗೆ ಮಾತ್ರ.

ಸಿಂಧನೂರಿನ ಅಕ್ಕಿ ವ್ಯಾಪಾರಿಯೊಬ್ಬರ ಮಗಳು ಅಪ್ಪನ ಅಂಗಡಿಗೆ ವೆಬ್‌ಸೈಟ್ ಮಾಡಲು ಹೊರಟಿದ್ದಾಳೆ ಎನ್ನೋಣ. ಊರಿನ ಹೆಸರು ಸೇರಿಸಬೇಕೆಂಬ ಆಸೆ ಸಹಜವೇ. ಆದರೆ ಯಾವ ಸಿಂಧನೂರು? ಜನಗಣತಿಯ ಇಂಗ್ಲಿಷ್ ಪಟ್ಟಿಯಲ್ಲಿ 'ಧ'ಕಾರದ ನಂತರ 'ಎ' ಇಲ್ಲ. ಅಂಗಡಿಗಳ ಬೋರ್ಡಿನಲ್ಲಿ ಇರುತ್ತದೆ. ಕೆಲವರು ಕೊನೆಗೆ ಎರಡು 'ಓ' ಹಾಕುತ್ತಾರೆ. ಲಿಂಗಸುಗೂರಿನದೂ ಇದೇ ಕಥೆ. ಮಸ್ಕಿಯವರು ಪುಣ್ಯವಂತರು, ಅವರದು ಐದೇ ಅಕ್ಷರ!

ಇದಕ್ಕೊಂದು ಸರಳ ಪರೀಕ್ಷೆ ಇದೆ. ಹೆಸರನ್ನು ಬರೆದು ತೋರಿಸದೆ ಫೋನಿನಲ್ಲಿ ಅಜ್ಜನಿಗೆ, ಅತ್ತೆಗೆ, ಗೆಳೆಯನಿಗೆ ಹೇಳಿ, ಇಂಗ್ಲಿಷಿನಲ್ಲಿ ಬರೆದುಕೊಳ್ಳಲು ಹೇಳಿ. ಮೂವರೂ ಒಂದೇ ರೀತಿ ಬರೆದರೆ ಆ ಹೆಸರು ಗಟ್ಟಿ. 'ಅಲ್ಲೊಂದು ಅಡ್ಡಗೆರೆ ಇದೆ' ಎಂದು ವಿವರಿಸಬೇಕಾಗಿ ಬಂದರೆ ಬಿಟ್ಟುಬಿಡಿ. ನಿಯಮದಂತೆ ಚುಕ್ಕಿಗಳ ನಡುವಿನ ಒಂದು ಭಾಗದಲ್ಲಿ 63 ಅಕ್ಷರಗಳವರೆಗೆ ಇರಬಹುದು. ಅಷ್ಟನ್ನು ಟೈಪ್ ಮಾಡುವ ಗಿರಾಕಿ ಮಾತ್ರ ಸಿಗಲಾರ.

ಹಾಗೆಂದು ಸುಲಭವಾದ ಹೆಸರೆಲ್ಲ ಒಳ್ಳೆಯದಲ್ಲ. 'ಶ್ರೀ ಟ್ರೇಡರ್ಸ್' ಎಷ್ಟು ಊರುಗಳಲ್ಲಿಲ್ಲ? ಇಲ್ಲಿ ಮಸ್ಕಿಯ ಬಂಡೆಯನ್ನು ನೆನೆಯಬೇಕು. ಅದಕ್ಕೂ ಮೊದಲು ಸಿಕ್ಕಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂಬಂಥ ಬಿರುದುಗಳಷ್ಟೇ ಇದ್ದವು. ಆ ಬಿರುದು ಸಿಂಹಳದ ದೊರೆಗೂ ಇತ್ತು. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಎಂಜಿನಿಯರ್ ಬೀಡನ್ ಕಂಡ ಮಸ್ಕಿ ಶಾಸನದಲ್ಲಿ ಬಿರುದಿನ ಜೊತೆ 'ಅಶೋಕ' ಎಂಬ ಹೆಸರೇ ಸಿಕ್ಕಿತು. ದೊರೆ ಯಾರೆಂಬುದು ಖಚಿತವಾಯಿತು. ಅಂಗಡಿಗೂ ಬಿರುದಿನ ಜೊತೆ ತನ್ನದೇ ಎನ್ನುವ ಒಂದು ಪದ ಬೇಕು.

ಆ ಪದ ಇನ್ನೊಬ್ಬರದ್ದಾಗಿರಬಾರದು. ಸತ್ಯಂ ಇನ್ಫೋವೇ ಕಂಪನಿ ತನ್ನ ಹೆಸರಿನ ತುಣುಕುಗಳಿಂದ 'ಸಿಫಿ' ಎಂಬ ಪದ ಕಟ್ಟಿ 1999ರಲ್ಲಿ ಡೊಮೈನ್ ಪಡೆದಿತ್ತು. ಇನ್ನೊಂದು ಕಂಪನಿ ಒಂದು 'ಎಫ್' ಹೆಚ್ಚಿಗೆ ಸೇರಿಸಿ 'ಸಿಫ್ಫಿನೆಟ್' ಎಂದಿತು. ವ್ಯಾಜ್ಯ ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲಿ ಆರಂಭವಾಗಿ ಕರ್ನಾಟಕ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್ ತಲುಪಿತು. 2004ರ ಮೇ ತಿಂಗಳಲ್ಲಿ ತೀರ್ಪು ಸಿಫಿಯ ಪರ ಬಂತು. ಡೊಮೈನ್ ಹೆಸರಿಗೂ ಟ್ರೇಡ್‌ಮಾರ್ಕಿನಂಥ ರಕ್ಷಣೆ ಉಂಟೆಂದು ನ್ಯಾಯಾಲಯ ಹೇಳಿತು. ಒಂದು ಅಕ್ಷರಕ್ಕೆ ಮೂರು ಕೋರ್ಟು! ಖರೀದಿಗೆ ಮುನ್ನ ಟ್ರೇಡ್‌ಮಾರ್ಕ್ ಇಲಾಖೆಯ ವೆಬ್‌ಸೈಟಿನಲ್ಲಿ ಒಮ್ಮೆ ಹುಡುಕಿ ನೋಡುವುದಕ್ಕೆ ಖರ್ಚೇನಿಲ್ಲ.

ಡಾಟ್ ಕಾಮ್ ಸಿಗದಿದ್ದರೆ ಕೊರಗಬೇಕಿಲ್ಲ. ಭಾರತದ ಡಾಟ್ ಇನ್ 2005ರಿಂದ ಎಲ್ಲರಿಗೂ ಮುಕ್ತವಾಗಿದೆ. ಕನ್ನಡ ಲಿಪಿಯಲ್ಲೇ 'ಡಾಟ್ ಭಾರತ' ಕೂಡ ಇದೆ. ಅಲ್ಲಿ ಸಿಂಧನೂರಿಗೆ 'ಎ' ಹಾಕಬೇಕೋ ಬೇಡವೋ ಎಂಬ ಜಗಳವೇ ಇಲ್ಲ. ಆದರೂ ಹೈದರಾಬಾದಿನ ಗಿರಾಕಿಗೆ ಕನ್ನಡ ಟೈಪಿಂಗ್ ಬಾರದಿರಬಹುದು. ಇಂಗ್ಲಿಷ್ ಹೆಸರೂ ಜೊತೆಗಿರಲಿ.

ಇನ್ನು ತಂದೆತಾಯಂದಿರಿಗೆ ಒಂದು ಮಾತು. ಹೆಸರನ್ನು ಶಾಶ್ವತವಾಗಿ ಕೊಳ್ಳಲಾಗದು. ಒಂದು ವರ್ಷಕ್ಕೋ ಹಲವು ವರ್ಷಕ್ಕೋ ನೋಂದಾಯಿಸಿ, ನಂತರ ನವೀಕರಿಸಬೇಕು. ಮರೆತು ಗಡುವೆಲ್ಲ ಮುಗಿದರೆ ಬೇರೆ ಯಾರಾದರೂ ಕೊಳ್ಳಬಹುದು. ವೆಬ್‌ಸೈಟ್ ಮಾಡಿಕೊಡುವ ಹುಡುಗ ತನ್ನ ಹೆಸರಿನಲ್ಲೇ ನೋಂದಾಯಿಸಿಕೊಂಡರೆ ದಾಖಲೆಯಲ್ಲಿ ಒಡೆಯ ಅವನೇ. ಹೊಲದ ಪಹಣಿಯಲ್ಲಿ ಯಾರ ಹೆಸರಿದೆ ಎಂದು ನೋಡುವಷ್ಟೇ ಎಚ್ಚರದಿಂದ ಇದನ್ನೂ ನೋಡಿ. ನೋಂದಣಿ, ಇ-ಮೇಲ್, ಮೊಬೈಲ್ ಸಂಖ್ಯೆ ಮೂರೂ ಮನೆಯವರದೇ ಆಗಿರಲಿ. ನವೀಕರಣದ ತಾರೀಖನ್ನು ಅಂಗಡಿಯ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ.